ಪೋಸ್ಟರ್ ಮೊದಲು, ಪ್ರಬಂಧ ಕೊನೆಗೆ

ಬಿ.ಕಾಂ. ಮೊದಲ ವರ್ಷದ ಮಕ್ಕಳಿಗೆ ನಾನು ಕನ್ನಡ ಪಾಠ ಮಾಡುತ್ತೇನೆ. ಬರೆಯಿರಿ ಅಂದರೆ ಹೆಚ್ಚಿನವರು ‘ಇಂದಿನ ಆಧುನಿಕ ಯುಗದಲ್ಲಿ’ ಅಂತಲೇ ಶುರು ಮಾಡುತ್ತಾರೆ. ಮಾತಾಡಿ ಅಂದರೆ ‘ವೇದಿಕೆಯ ಮೇಲೆ ಆಸೀನರಾಗಿರುವ ಗಣ್ಯರೇ’. ಕ್ಲಾಸಲ್ಲಿ ವೇದಿಕೆಯೂ ಇಲ್ಲ, ಗಣ್ಯರೂ ಇಲ್ಲ! ಅವರನ್ನು ಬೈದು ಫಲವಿಲ್ಲ. ಪೀಠಿಕೆ, ವಿಷಯ ವಿವರಣೆ, ಉಪಸಂಹಾರ ಅಂತ ಬರೆದದ್ದಕ್ಕೇ ಹೈಸ್ಕೂಲಿನಿಂದ ಅಂಕ ಬಿದ್ದಿರುವುದು.

ಅದಕ್ಕೆ ಕ್ರಮವನ್ನೇ ತಿರುಗಿಸಿಬಿಟ್ಟೆ. ಮೊದಲು ಪೋಸ್ಟರ್, ಆಮೇಲೆ ಮಾತು, ಬರವಣಿಗೆ ಕೊನೆಗೆ. ಮೂರಕ್ಕೂ ವಿಷಯ ಒಂದೇ. ಮಳೆಗಾಲದಲ್ಲಾದರೆ ಡೆಂಗಿ ಕೊಡುತ್ತೇನೆ. ಕ್ಲಾಸು ದೊಡ್ಡದು, ಹಾಗಾಗಿ ನಾಲ್ಕು ನಾಲ್ಕು ಜನರ ಗುಂಪು.

ಮೊದಲ ಪೋಸ್ಟರ್‌ಗಳೆಲ್ಲ ಒಂದೇ ಥರ ಇರುತ್ತವೆ. ನೆಟ್‌ನಿಂದ ಇಳಿಸಿದ ದೊಡ್ಡ ಸೊಳ್ಳೆ, ಕೆಳಗೆ ‘ಸ್ವಚ್ಛತೆ ಕಾಪಾಡಿ’. ಇದನ್ನು ನೋಡುವವರು ಯಾರು, ನೋಡಿ ಏನು ಮಾಡಬೇಕು ಅಂತ ಕೇಳುತ್ತೇನೆ. ಒಬ್ಬ ಹುಡುಗಿ ಸ್ವಲ್ಪ ಯೋಚಿಸಿ, “ನಮ್ಮಜ್ಜಿ ಸರ್, ಡ್ರಮ್ಮಿಗೆ ನೀರು ತುಂಬಿಸೋದು ಅವ್ರೇ” ಅಂದಳು. ಸೊಳ್ಳೆ ಹೋಗಿ ನೀಲಿ ಡ್ರಮ್ಮು ಬಂತು. ಪಕ್ಕದಲ್ಲಿ ‘ವಾರಕ್ಕೊಮ್ಮೆ ಖಾಲಿ ಮಾಡಿ, ಒಳಗೆ ಉಜ್ಜಿ ತೊಳೆಯಿರಿ, ಮುಚ್ಚಿಡಿ’.

ಪೋಸ್ಟರನ್ನು ಹಿಂದಿನ ಗೋಡೆಗೆ ಅಂಟಿಸಿ ಬಾಗಿಲ ಹತ್ತಿರ ನಿಂತು ಓದಬೇಕು. ಬಿಳಿ ಮೇಲಿನ ಹಳದಿ ಅಕ್ಷರ ಕಾಣುವುದಿಲ್ಲ ಅಂತ ಅಲ್ಲೇ ಗೊತ್ತಾಗುತ್ತದೆ. ನಮ್ಮ ಲಿಪಿಯದು ಇನ್ನೊಂದು ಕಿರಿಕಿರಿ. ಸಾಲುಗಳ ನಡುವೆ ಜಾಗ ಕಮ್ಮಿಯಾದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ಹೋಗಿ ತಾಗುತ್ತದೆ. ಫೋನಿನ ಆಪ್‌ಗಳಲ್ಲಿ ಇದು ಜಾಸ್ತಿ. ಸುಮ್ನೆ ಚಂದ ಕಾಣಲಿ ಅಂತ ಫಾಂಟ್ ಬದಲಿಸುವವರಿಗೆ ಮೊದಲು ಈ ಜಾಗ ಹೆಚ್ಚಿಸಿ ಅನ್ನುತ್ತೇನೆ.

ಆಮೇಲೆ ಅದನ್ನು ಮನೆಯಲ್ಲಿ ತೋರಿಸಿ, ಅವರು ಕೇಳಿದ್ದನ್ನು ಬರೆದುಕೊಂಡು ಬರಬೇಕು. ಆ ಅಜ್ಜಿ ಕೇಳಿದ್ದು: “ನೀರು ಚೆಲ್ಲಿದ್ರೆ ಸಾಲ್ದಾ? ಉಜ್ಜೋದ್ಯಾಕೆ?” ಒಳ್ಳೇ ಪ್ರಶ್ನೆ, ಅಲ್ವಾ? ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆ ಇಡುವುದು ನೀರಿನ ಅಂಚಿಗಿಂತ ತುಸು ಮೇಲೆ, ಡ್ರಮ್ಮಿನ ಒಳಮೈಗೆ ಅಂಟಿಕೊಂಡಂತೆ. ನೀರಿಲ್ಲದೆಯೂ ಆ ಮೊಟ್ಟೆಗಳು ತಿಂಗಳುಗಟ್ಟಲೆ ಉಳಿಯಬಲ್ಲವು, ಮತ್ತೆ ನೀರು ತುಂಬಿದಾಗ ಮರಿಯಾಗುತ್ತವೆ. ಹುಡುಗಿ ಇದನ್ನು ಹುಡುಕಿ ಓದಿಕೊಂಡು ಬಂದು ಎರಡು ನಿಮಿಷ ಹೇಳಿದಳು. ಚೀಟಿ ನೋಡಲಿಲ್ಲ, ಯಾರಿಗೋ ಉತ್ತರ ಕೊಡುವ ಹಾಗೆಯೇ ಇತ್ತು.

ಮಾತು ಮುಗಿದ ಕೂಡಲೇ, ಬಾಯಲ್ಲಿದ್ದ ವಾಕ್ಯ ಮರೆಯುವ ಮೊದಲೇ, ಬರೆಯಲು ಕೂರಿಸುತ್ತೇನೆ. ಅವಳ ಮೊದಲ ಸಾಲು: ‘ಡ್ರಮ್ಮಿನ ನೀರು ಚೆಲ್ಲಿದರಷ್ಟೇ ಸಾಲದು.’ ಕಾಗುಣಿತದ ತಪ್ಪುಗಳಿದ್ದವು. ಅವನ್ನು ಮುಂದಿನ ಕ್ಲಾಸಿನಲ್ಲಿ ತಿದ್ದಿದೆವು.