ಪರದೆಯ ಅಂಚಿನಲ್ಲೊಂದು ಅಳಿಲು

ನನ್ನ ಮನೆಯ ಕಂಪ್ಯೂಟರಿನಲ್ಲಿ ಒಂದು ಅಳಿಲಿದೆ. ಬೆಳಿಗ್ಗೆ ಕೆಲಸಕ್ಕೆ ಕೂತು ಅದನ್ನು ಕರೆದರೆ ಪರದೆಯ ಮೇಲಿನಿಂದ ಬೀಳುತ್ತದೆ, ಎದ್ದು ಕೆಳಗಿನ ಪಟ್ಟಿಯ ಮೇಲೆ ಓಡಾಡುತ್ತದೆ, ಅಂಚು ಸಿಕ್ಕರೆ ಹತ್ತುತ್ತದೆ. ಒಮ್ಮೊಮ್ಮೆ ನಾನು ತೆರೆದಿಟ್ಟ ಪುಟದ ತಲೆಯ ಮೇಲೆ ಕೂತು ಕಾಲು ಇಳಿಬಿಡುತ್ತದೆ. ಪುಸ್ತಕಗಳ ಕರಡು ತಿದ್ದುವುದು ನನ್ನ ಉದ್ಯೋಗ. ದಿನಕ್ಕೆ ಏಳೆಂಟು ಗಂಟೆ ಒಬ್ಬಳೇ ಕೂತು ಒತ್ತಕ್ಷರ, ದೀರ್ಘ, ಅಲ್ಪವಿರಾಮಗಳನ್ನು ನೋಡುತ್ತಿರಬೇಕು. ಕಣ್ಣು ಸೋತಾಗ ಆ ಅಳಿಲನ್ನು ಅರೆ ನಿಮಿಷ ನೋಡುತ್ತೇನೆ, ಮತ್ತೆ ಸಾಲಿಗೆ ಮರಳುತ್ತೇನೆ. ಅದರ ಚಿತ್ರಗಳನ್ನು ನಾನೇ ಬಿಡಿಸಿದ್ದು. ಮೂರು ವಾರಗಳ ಸಂಜೆಗಳು ಹಿಡಿದವು.

ಇಂಥ ಪ್ರಾಣಿಯನ್ನು ನಾನು ಮೊದಲು ಕಂಡದ್ದು ಕುರಿಯ ರೂಪದಲ್ಲಿ. ಡಿಟಿಪಿ ಕಲಿಯಲು ಹೋಗುತ್ತಿದ್ದ ದಿನಗಳಲ್ಲಿ ಪಕ್ಕದವರ ಕಂಪ್ಯೂಟರಿನಲ್ಲಿ ಒಂದು ಬಿಳಿ ಕುರಿ ವಿಂಡೋಗಳ ಮೇಲೆ ನಡೆದಾಡುತ್ತ, ಅಂಚಿಗೆ ಬಂದು ಉರುಳಿ ಬೀಳುತ್ತ, ಮಲಗಿ ನಿದ್ದೆ ಹೋಗುತ್ತ ಇತ್ತು. ಅದು ತೊಂಬತ್ತರ ದಶಕದಲ್ಲಿ ಜಪಾನಿನಲ್ಲಿ ಹುಟ್ಟಿ ಊರೂರು ಸುತ್ತಿದ ಕುರಿ. ಅದಕ್ಕೂ ಮೊದಲು ಕರ್ಸರ್ ಹಿಂದೆ ಓಡುವ ‘ನೆಕೊ’ ಎಂಬ ಬೆಕ್ಕಿತ್ತು. ಕೆಂಜಿ ಗೋಟೋ ಅವರು 1989ರಲ್ಲಿ ಅದನ್ನು ಮ್ಯಾಕಿಂಟಾಷ್‌ಗೆ ತಂದರು. ಕುರಿಯ ಕಾಲದಲ್ಲೇ ನಮಗೆಲ್ಲ ಗೊತ್ತಿದ್ದ ಇನ್ನೊಂದು ಜೀವವೆಂದರೆ ಮೈಕ್ರೋಸಾಫ್ಟ್ ಆಫೀಸ್ 97ರ ಕಾಗದದ ಕ್ಲಿಪ್ಪು. ಪತ್ರದ ಒಕ್ಕಣೆಯನ್ನು ಶುರು ಮಾಡುವಷ್ಟರಲ್ಲಿ ಹುಬ್ಬೇರಿಸಿಕೊಂಡು ಸಹಾಯ ಬೇಕೇ ಎಂದು ಕೇಳಲು ಬರುತ್ತಿತ್ತು. 2007ರ ಆಫೀಸಿನಲ್ಲಿ ಅದನ್ನು ತೆಗೆದೇಬಿಟ್ಟರು. ಕುರಿಯನ್ನು ಮಾತ್ರ ಜನ ಇಂದಿಗೂ ಹುಡುಕಿ ಹಾಕಿಕೊಳ್ಳುತ್ತಾರೆ. ನನಗೆ ಕಂಡ ಕಾರಣ ಇಷ್ಟೇ: ಕ್ಲಿಪ್ಪಿಗೆ ನಮ್ಮಿಂದ ಉತ್ತರ ಬೇಕಿತ್ತು, ಕುರಿಗೆ ನಮ್ಮಿಂದ ಏನೂ ಬೇಕಿರಲಿಲ್ಲ. ಕೆಲಸ ಮಾಡುವವರ ಪಕ್ಕದಲ್ಲಿ ಇರಬೇಕಾದದ್ದು ತನ್ನ ಪಾಡಿಗೆ ತಾನು ಬದುಕುವ ಜೀವ. ನನ್ನ ಅಳಿಲು ಮಾತನಾಡುವುದಿಲ್ಲ, ಸದ್ದು ಮಾಡುವುದಿಲ್ಲ. ಇದನ್ನು ಮೊದಲೇ ನಿರ್ಧರಿಸಿಕೊಂಡಿದ್ದೆ.

ನಾನು ಬಳಸುವ ತಂತ್ರಾಂಶದ ಹೆಸರು ಶಿಮೆಜಿ. ಜಪಾನಿನಲ್ಲಿ ಅದು ಗೊಂಚಲು ಗೊಂಚಲಾಗಿ ಬೆಳೆಯುವ ಒಂದು ಅಣಬೆಯ ಹೆಸರು. ‘ಗ್ರೂಪ್ ಫಿನಿಟಿ’ ಎಂಬ ಹೆಸರಿನಲ್ಲಿ ಜಪಾನಿ ಭಾಷೆಯಲ್ಲಿ ಬಂದ ಇದನ್ನು ಬೇರೆಯವರು ಇಂಗ್ಲಿಷಿಗೆ ತಂದು ಬೆಳೆಸಿದರು. ಶಿಮೆಜಿ-ಇಇ ಎನ್ನುವುದು ಆ ರೂಪ. ಕಂಪ್ಯೂಟರಿನಲ್ಲಿ ಜಾವಾ ಎಂಬ ತಂತ್ರಾಂಶ ಇದ್ದರೆ ನಡೆಯುತ್ತದೆ. ನಾನು ಪಡೆದದ್ದು ಜಿಪ್ ಮಾಡಿದ ಒಂದು ಫೋಲ್ಡರ್, ಬಿಚ್ಚಿ ಓಡಿಸಿದರೆ ಮುಗಿಯಿತು. ಮೊದಲ ಸಲ ಅವಸರದಲ್ಲಿ ಯಾವುದೋ ತಾಣದಿಂದ ಇಳಿಸಿಕೊಂಡು ಪೆಟ್ಟು ತಿಂದಿದ್ದೆ. ಅಲ್ಲಿ ಸಿಕ್ಕಿದ ಕಡತ ಪ್ರಾಣಿಯ ಜೊತೆಗೆ ಇನ್ನೇನೇನೋ ತುಂಬಿ ಬ್ರೌಸರಿನ ಮೊದಲ ಪುಟವನ್ನೇ ಬದಲಿಸಿಬಿಟ್ಟಿತು. ಈ ಪರದೆಯ ಪ್ರಾಣಿಗಳ ಚರಿತ್ರೆಯಲ್ಲಿ ಇದು ಹೊಸತೇನಲ್ಲ. ನೇರಳೆ ಬಣ್ಣದ ಗೊರಿಲ್ಲಾ ‘ಬಾಂಜಿಬಡಿ’ಯ ಕಂಪನಿ ಮಕ್ಕಳ ಮಾಹಿತಿಯನ್ನು ಹೆತ್ತವರ ಒಪ್ಪಿಗೆಯಿಲ್ಲದೆ ಸಂಗ್ರಹಿಸಿದ ಆರೋಪಕ್ಕಾಗಿ 2004ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್‌ಗೆ 75,000 ಡಾಲರ್ ಕಟ್ಟಬೇಕಾಯಿತು. ಮುದ್ದಾಗಿ ಕಾಣುವುದನ್ನು ಮನೆಯೊಳಗೆ ಬಿಡುವ ಮುನ್ನ ಎರಡು ಸಲ ನೋಡಿ.

ಸಿದ್ಧ ಗೊಂಬೆಗಳು ನೂರಾರು ಸಿಗುತ್ತವೆ. ಹೆಚ್ಚಿನವು ಜಪಾನಿನ ಕಾರ್ಟೂನು ಪಾತ್ರಗಳು. ನಾಲ್ಕು ದಿನ ಒಂದನ್ನು ಇಟ್ಟುಕೊಂಡೆ, ಮನಸ್ಸು ಹತ್ತಲಿಲ್ಲ. ನಮ್ಮ ಹಿತ್ತಲಿನ ಪೇರಲೆ ಮರದಲ್ಲಿ ದಿನವೂ ಅಳಿಲು ನೋಡುತ್ತೇನೆ. ಗೋಡೆ ಹತ್ತುವುದು, ತಲೆಕೆಳಗಾಗಿ ನೇತಾಡುವುದು, ಕೂತಲ್ಲಿ ಕೂರದಿರುವುದು, ಶಿಮೆಜಿಗೆ ಬರುವ ವಿದ್ಯೆಗಳೆಲ್ಲ ಅದಕ್ಕೆ ಹುಟ್ಟಿನಿಂದಲೇ ಬಂದಿವೆ. ಹಾಗಾಗಿ ಅಳಿಲನ್ನೇ ಬಿಡಿಸಲು ಕೂತೆ.

ಬೇಕಾದದ್ದು 46 ಚಿತ್ರಗಳು. ಪ್ರತಿಯೊಂದೂ 128 ಪಿಕ್ಸೆಲ್ ಅಗಲ, 128 ಪಿಕ್ಸೆಲ್ ಎತ್ತರದ ಪಿಎನ್‌ಜಿ ಕಡತ, ಹಿನ್ನೆಲೆ ಪಾರದರ್ಶಕವಾಗಿರಬೇಕು. ಒಂದನೆಯದು ನಿಂತ ಭಂಗಿ, ಎರಡು ಮತ್ತು ಮೂರು ಹೆಜ್ಜೆ, ನಾಲ್ಕು ಬೀಳುವುದು, ಐದರಿಂದ ಹತ್ತು ಮೌಸಿನಲ್ಲಿ ಎತ್ತಿ ಹಿಡಿದಾಗಿನ ತೂಗಾಟ, ಹನ್ನೊಂದು ಕೂತದ್ದು. ಎಲ್ಲವನ್ನೂ ಎಡಕ್ಕೆ ಮುಖ ಮಾಡಿಯೇ ಬರೆಯಬೇಕು. ಬಲಕ್ಕೆ ನಡೆಯುವಾಗ ತಂತ್ರಾಂಶವೇ ಚಿತ್ರವನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿಕೊಳ್ಳುತ್ತದೆ. ತಂಗಿಯ ಮಗ ಅಳಿಲಿನ ಹೊಟ್ಟೆಯ ಮೇಲೆ ‘ಅ’ ಬರೆಯಲೇಬೇಕೆಂದು ಹಟ ಹಿಡಿದ. ಬರೆದೆ. ಎಡಕ್ಕೆ ನಡೆದಾಗ ಸರಿಯಿದ್ದ ಅಕ್ಷರ ಬಲಕ್ಕೆ ತಿರುಗಿದ ಕೂಡಲೇ ತಿರುವುಮುರುವಾಯಿತು. ಅಕ್ಷರ ತಿದ್ದುವವಳ ಪರದೆಯಲ್ಲಿ ಉಲ್ಟಾ ‘ಅ’ ಓಡಾಡುವುದನ್ನು ನನ್ನಿಂದ ಸಹಿಸಲಾಗಲಿಲ್ಲ. ಅವನನ್ನು ಒಪ್ಪಿಸಿ ಅಳಿಸಿದೆ.

ಬೆನ್ನಿನ ಮೂರು ಗೆರೆಗಳು ನನ್ನನ್ನು ಬಹಳ ಕಾಡಿದವು. ದೊಡ್ಡ ಹಾಳೆಯಲ್ಲಿ ಪೆನ್ಸಿಲಿನಿಂದ ಚೆನ್ನಾಗಿ ಬರೆದು, ಸ್ಕ್ಯಾನ್ ಮಾಡಿ, 128ಕ್ಕೆ ಇಳಿಸಿದರೆ ಮೂರೂ ಸೇರಿ ಒಂದು ಬೂದು ಕಲೆಯಾಗುತ್ತಿತ್ತು. ರಾಮನ ಬೆರಳಿನ ಗುರುತು ಇಲ್ಲದಿದ್ದರೆ ಅದು ಅಳಿಲೇ ಅಲ್ಲ, ಯಾವುದೋ ಇಲಿ. ಕೊನೆಗೆ ಕಾಗದ ಬಿಟ್ಟು ಪರದೆಯ ಮೇಲೆಯೇ ಚುಕ್ಕೆಯಿಂದ ಚುಕ್ಕೆಗೆ ಬರೆದೆ. ಗೆರೆಯೊಂದಕ್ಕೆ ನಾಲ್ಕು ಪಿಕ್ಸೆಲ್, ನಡುವೆ ಮೂರು. ಆಗ ಗೆರೆಗಳು ಬೇರೆ ಬೇರೆಯಾಗಿ ನಿಂತವು. ಸ್ಕ್ಯಾನಿನ ಇನ್ನೊಂದು ಕಾಟವೂ ಅದರೊಂದಿಗೆ ಹೋಯಿತು. ಬಿಳಿ ಹಾಳೆಯಿಂದ ಕತ್ತರಿಸಿದ ಚಿತ್ರದ ಸುತ್ತ ಸಣ್ಣ ಬಿಳಿ ಅಂಚು ಉಳಿದು, ಗಾಢ ಹಿನ್ನೆಲೆಯ ಮೇಲೆ ಅಳಿಲು ಅಂಟುಚೀಟಿಯಂತೆ ಕಾಣುತ್ತಿತ್ತು.

ಮೊದಲ ಸಲ ಓಡಿಸಿದಾಗ ನಡಿಗೆ ಚೆನ್ನಾಗಿಯೇ ಇತ್ತು. ಗೋಡೆ ಹತ್ತಿದಾಗ ಮಾತ್ರ ಅರ್ಧ ಅಳಿಲು ಪರದೆಯಾಚೆ ಹೋಗಿಬಿಟ್ಟಿತು! ಕಾರಣ ತಿಳಿಯಲು ಒಂದು ಸಂಜೆ ಬೇಕಾಯಿತು. ಫೋಲ್ಡರಿನೊಳಗೆ ಚಲನೆಗಳನ್ನು ಬರೆದಿಟ್ಟ ಒಂದು ಎಕ್ಸ್‌ಎಂಎಲ್ ಕಡತವಿದೆ. ಅದರಲ್ಲಿ ಪ್ರತಿ ಭಂಗಿಗೂ ಒಂದು ಆಧಾರಬಿಂದು. ಹೆಚ್ಚಿನವಕ್ಕೆ ‘64,128’, ಅಂದರೆ ಎಡದಿಂದ 64, ಮೇಲಿನಿಂದ 128 ಪಿಕ್ಸೆಲ್, ಚಿತ್ರದ ತಳದ ನಟ್ಟನಡು. ನಿಂತಾಗ ಪಾದ ಅಲ್ಲಿರಬೇಕು. ಗೋಡೆ ಹಿಡಿದಾಗ ಗೋಡೆಯೂ ಅದೇ ನಡುಗೆರೆಯ ಮೇಲೆ ಬರುತ್ತದೆ. ಹಾಗಾಗಿ ಹತ್ತುವ ಚಿತ್ರಗಳಲ್ಲಿ, ಹನ್ನೆರಡರಿಂದ ಹದಿನಾಲ್ಕರವರೆಗೆ, ಇಡೀ ಅಳಿಲು ಬಲಗಡೆಯ ಅರ್ಧದಲ್ಲೇ ಇರಬೇಕು, ಎಡದ ಅರ್ಧ ಖಾಲಿ. ಉಗುರು ಸರಿಯಾಗಿ 64ನೆಯ ಪಿಕ್ಸೆಲಿಗೆ ತಾಗುವಂತೆ ಸರಿಸಿದೆ. ಚಾವಣಿಗೆ ಜೋತುಬೀಳುವ ಮೂರು ಚಿತ್ರಗಳಿಗೆ ಆ ಬಿಂದು ‘64,48’. ಸಂಖ್ಯೆಯನ್ನು ಬದಲಿಸುವುದಕ್ಕಿಂತ ಚಿತ್ರವನ್ನೇ ಅದಕ್ಕೆ ಹೊಂದಿಸುವುದು ಸುಲಭ ಎನ್ನುವುದು ನನ್ನ ಅನುಭವ. ಬಾಲವನ್ನು ಕೆಳಕ್ಕೆ ಇಳಿಬಿಟ್ಟ ಮೇಲೆ ಅದು ಮಾನಿಟರಿನ ಅಂಚನ್ನು ಹತ್ತುವ ಚೆಂದವನ್ನು ನೋಡುತ್ತ ಅವತ್ತು ಬಹಳ ಹೊತ್ತು ಕೂತಿದ್ದೆ.

ಸಂಖ್ಯೆಗಳಲ್ಲಿ ಇನ್ನೂ ಒಂದನ್ನು ತಿಳಿದುಕೊಂಡರೆ ಸಾಕು. ಕಾಲವನ್ನು ಈ ತಂತ್ರಾಂಶ 40 ಮಿಲಿಸೆಕೆಂಡುಗಳ ಮಿಡಿತದಲ್ಲಿ ಅಳೆಯುತ್ತದೆ, ಸೆಕೆಂಡಿಗೆ 25. ನಿಂತ ಭಂಗಿಗೆ 250 ಎಂದಿದ್ದರೆ ಹತ್ತು ಸೆಕೆಂಡು ನಿಲ್ಲುತ್ತದೆ. ನಾನು ಕೂರುವುದನ್ನು ಉದ್ದ ಮಾಡಿದೆ, ಓಡುವುದನ್ನು ಅಪರೂಪ ಮಾಡಿದೆ. ಯಾವ ನಡತೆ ಎಷ್ಟು ಸಲ ಬರಬೇಕೆಂಬುದು ಇನ್ನೊಂದು ಕಡತದಲ್ಲಿದೆ.

ಕೆಲಸದ ಕಂಪ್ಯೂಟರಿನಲ್ಲಿ ಎರಡು ನಡತೆಗಳನ್ನು ಮೊದಲ ದಿನವೇ ನಿಲ್ಲಿಸಬೇಕು. ಒಂದು, ಮರಿ ಹಾಕುವುದು. ಬಿಟ್ಟರೆ ಒಂದು ಎರಡಾಗಿ, ಎರಡು ನಾಲ್ಕಾಗಿ 50ರವರೆಗೂ ಬೆಳೆಯುತ್ತದೆ. ಪರದೆ ಸಂತೆಯಾಗುತ್ತದೆ, ಹಳೆಯ ಯಂತ್ರ ಏದುಸಿರು ಬಿಡುತ್ತದೆ. ಇನ್ನೊಂದು, ವಿಂಡೋ ಹೊತ್ತೊಯ್ಯುವುದು. ಒಂದು ಮಧ್ಯಾಹ್ನ ಚಹಾ ಮಾಡಿಕೊಂಡು ಬರುವಷ್ಟರಲ್ಲಿ, ಉಳಿಸದೆ ಬಿಟ್ಟಿದ್ದ ಹದಿನೆಂಟು ಪುಟಗಳ ತಿದ್ದುಪಡಿಯ ವಿಂಡೋವನ್ನು ಅಳಿಲು ಪರದೆಯಾಚೆಗೆ ಎಸೆದುಬಿಟ್ಟಿತ್ತು. ಎದೆ ಧಸಕ್ಕೆಂದಿತು. ಗಡಿಯಾರದ ಪಕ್ಕದ ಚಿಹ್ನೆಯ ಮೇಲೆ ಬಲ ಗುಂಡಿ ಒತ್ತಿದರೆ ವಿಂಡೋಗಳನ್ನು ಮರಳಿ ತರುವ ಆದೇಶವಿದೆ, ಒಂದೂ ಅಕ್ಷರ ಹೋಗದೆ ಎಲ್ಲವೂ ಸಿಕ್ಕಿತು. ಅಂದಿನಿಂದ ಆ ನಡತೆಗೆ ಅನುಮತಿಯಿಲ್ಲ. ಎಲ್ಲವನ್ನೂ ಕಳಿಸಿ ಒಂದನ್ನೇ ಉಳಿಸುವ ಆದೇಶವೂ ಅದೇ ಪಟ್ಟಿಯಲ್ಲಿದೆ. ವಿಡಿಯೊ ಸಭೆಯಲ್ಲಿ ಪರದೆ ಹಂಚಿಕೊಳ್ಳುವ ಮೊದಲು ಅಳಿಲನ್ನು ಪೂರ್ತಿ ಕಳಿಸಿಬಿಡುತ್ತೇನೆ.

ಇಷ್ಟೆಲ್ಲ ಮಾಡಿದ್ದು ನನಗಾಗಿ. ಅದು ಹೆಚ್ಚು ಉಪಯೋಗಕ್ಕೆ ಬಂದದ್ದು ಅಮ್ಮನಿಗೆ.

ಅಮ್ಮನಿಗೆ 68 ವರ್ಷ. ಫೋನಿನಿಂದ ಇಳಿಸಿದ ಫೋಟೊಗಳನ್ನು ಮದುವೆ, ಗೃಹಪ್ರವೇಶ, ಜಾತ್ರೆ ಎಂದು ಬೇರೆ ಬೇರೆ ಫೋಲ್ಡರಿನಲ್ಲಿ ಜೋಡಿಸಿಡಬೇಕೆಂಬ ಆಸೆ ಅವಳಿಗೆ. ಮೌಸ್ ಎಂದರೆ ಭಯ. ಗುಂಡಿ ಒತ್ತಿ ಹಿಡಿದು, ಎಳೆದು, ಬೇಕಾದಲ್ಲಿ ಬಿಡುವ ಆ ಒಂದು ಕೆಲಸ ಅವಳ ಬೆರಳಿಗೆ ಒಗ್ಗುತ್ತಿರಲಿಲ್ಲ. ಅರ್ಧ ದಾರಿಯಲ್ಲಿ ಬೆರಳು ಸಡಿಲವಾಗಿ ಫೋಟೊ ಇನ್ನೆಲ್ಲೋ ಹೋಗಿ ಸೇರುತ್ತಿತ್ತು. ನಾನು ಹತ್ತು ಸಲ ತೋರಿಸಿದೆ, ಹನ್ನೊಂದನೆಯ ಸಲ ನನ್ನ ದನಿ ಏರಿತು, ಅವಳು ಎದ್ದು ಒಳಗೆ ಹೋದಳು. ಆ ದಿನವನ್ನು ನೆನೆದರೆ ಈಗಲೂ ಕೆಡುಕೆನಿಸುತ್ತದೆ.

ಅಳಿಲು ಬಂದ ಮೇಲೆ ಒಂದು ಸಂಜೆ ಅವಳಾಗಿಯೇ ಪಕ್ಕದಲ್ಲಿ ಬಂದು ಕೂತಳು. “ಇದನ್ನು ಹಿಡಿಯಬಹುದೇನೇ?” ಎಂದು ಕೇಳಿದಳು. ಮೌಸ್ ಕೊಟ್ಟೆ. ಅಳಿಲಿನ ಮೇಲೆ ಒತ್ತಿ ಹಿಡಿದರೆ ಅದು ಕಾಲು ತೂಗಾಡಿಸುತ್ತ ಕರ್ಸರ್ ಜೊತೆಗೆ ಬರುತ್ತದೆ. ಬೆರಳು ಬಿಟ್ಟರೆ ಬೀಳುತ್ತದೆ. ಮೊದಲ ಸಲ ನಡುಗಾಳಿಯಲ್ಲಿ ಬಿಟ್ಟಳು, ಅದು ತೊಪ್ಪನೆ ಬಿತ್ತು. “ಅಯ್ಯೋ, ಪಾಪ ಕಣೇ” ಎಂದಳು. ಎರಡನೆಯ ಸಲ ಬಿಡಲಿಲ್ಲ. ಬೆರಳು ಒತ್ತಿಯೇ ಹಿಡಿದು ನಿಧಾನವಾಗಿ ಕೆಳಗಿನವರೆಗೆ ತಂದು, ಪಾದ ಪಟ್ಟಿಗೆ ತಾಗಿದ ಮೇಲೆ ಬಿಟ್ಟಳು. ಅಲುಗಿಸದೆ ಹತ್ತು ಸೆಕೆಂಡು ಹಿಡಿದರೆ ಅದು ಒದ್ದಾಡಿ ಕೊಸರಿಕೊಳ್ಳುತ್ತದೆ. ಆಗ ಅವಳ ಕೈ ಚುರುಕಾಗುತ್ತಿತ್ತು, ಆದರೂ ಬೆರಳು ಸಡಿಲವಾಗುತ್ತಿರಲಿಲ್ಲ. ನಾನು ಮಾತಿನಲ್ಲಿ ಕಲಿಸಲಾರದ ಹಿಡಿತ ಅವಳಿಗೆ ತಾನಾಗಿ ಬಂದಿತ್ತು. ವಾರದೊಳಗೆ ಫೋಟೊಗಳನ್ನೂ ಹಾಗೆಯೇ ಎತ್ತಿ ಫೋಲ್ಡರಿನ ಮೇಲೆ ಇಳಿಸತೊಡಗಿದಳು.

“ಮೇಲಿಂದ ಬಿದ್ದರೆ ಅದಕ್ಕೆ ಪೆಟ್ಟಾಗುವುದಿಲ್ಲವೇ?” ಎಂದು ಒಂದು ದಿನ ಕೇಳಿದಳು. ಆಗುವುದಿಲ್ಲ ಎಂದೆ, ಆದರೆ ಆ ರಾತ್ರಿ ಚಲನೆಗಳ ಕಡತ ತೆರೆದು ಬೀಳುವ ಸಾಲಿನಲ್ಲಿ ಗುರುತ್ವಕ್ಕೆ ಕೊಟ್ಟಿದ್ದ 2 ಅನ್ನು 1 ಮಾಡಿದೆ. ಈಗ ಅಳಿಲು ಒಣಗಿದ ಎಲೆಯಂತೆ ಮೆಲ್ಲಗೆ ಇಳಿಯುತ್ತದೆ. ಅಮ್ಮ ಮಾತ್ರ ಇದನ್ನು ನಂಬಿ ಕೂತಿಲ್ಲ. ಸಂಜೆ ಕೆಲಸ ಮುಗಿದಾಗ ಅದು ಚಾವಣಿಗೆ ಜೋತುಬಿದ್ದಿದ್ದರೆ, ಎತ್ತಿ ಕೆಳಗಿಳಿಸಿ, ಅದು ಕೂತ ಮೇಲೆಯೇ ಕಂಪ್ಯೂಟರ್ ಆರಿಸುತ್ತಾಳೆ.