ಹಳೇ ಜೀಪಿನ ಬ್ರೇಕ್ ತಾನಾಗಿ ಹಿಡಿಯುತ್ತಿತ್ತು: ನನ್ನ ಅನುಭವ

ಮಾಸ್ಟರ್ ಸಿಲಿಂಡರ್ (ಪೆಡಲ್ ಒತ್ತಿದಾಗ ಬ್ರೇಕ್ ಆಯಿಲನ್ನು ಚಕ್ರಗಳ ಕಡೆ ತಳ್ಳುವ ಭಾಗ) ಹೊಸದು ಹಾಕಿದ ಮೇಲೆ ಶುರುವಾದ ತೊಂದರೆ ಇದು. ಐದಾರು ಕಿಲೋಮೀಟರ್ ಓಡಿದರೆ ಗಾಡಿ ಭಾರವಾಗುತ್ತಿತ್ತು. ನಾಲ್ಕೂ ಚಕ್ರದ ಬ್ರೇಕ್ ಡ್ರಮ್ ಕೈ ಇಡಲಾಗದಷ್ಟು ಬಿಸಿ. ತಣ್ಣಗಾದರೆ ಮತ್ತೆ ಸರಿ.

ಡ್ರಮ್ಮಿಗೆ ಒಳಗಿಂದ ಒತ್ತುವ ಬ್ರೇಕ್ ಶೂ ಸಡಿಲ ಮಾಡಿದೆ, ಆ ಶೂ ತಳ್ಳುವ ವೀಲ್ ಸಿಲಿಂಡರಿನ ಕಿಟ್, ರಬ್ಬರ್ ಹೋಸ್ ಎಲ್ಲಾ ಬದಲಿಸಿದೆ. ಪ್ರಯೋಜನ ಆಗಲಿಲ್ಲ. ನಾಲ್ಕೂ ಒಟ್ಟಿಗೆ ಹಿಡಿಯುವಾಗ ಚಕ್ರದ ಹತ್ತಿರ ಹುಡುಕೋದು ಸುಮ್ನೆ ದಂಡ.

ಬ್ರೇಕ್ ಹಿಡಿದಿರುವಾಗಲೇ ಮಾಸ್ಟರ್ ಸಿಲಿಂಡರಿನ ಪೈಪ್ ನಟ್ ಸ್ವಲ್ಪ ಸಡಿಲಿಸಿದೆ. ಆಯಿಲ್ ಚಿಮ್ಮಿತು, ಚಕ್ರಗಳು ಬಿಟ್ಟುಕೊಂಡವು. ಅಂದರೆ ಮಾಸ್ಟರ್ ಸಿಲಿಂಡರೇ ಒತ್ತಡ ಬಿಡುತ್ತಿರಲಿಲ್ಲ. ಹಳೆಯದನ್ನೂ ಹೊಸದನ್ನೂ ಪಕ್ಕದಲ್ಲಿಟ್ಟು ಅಳೆದೆ. ಬೋರ್ (ಒಳಗಿನ ಅಗಲ) ಎರಡಕ್ಕೂ 1 ಇಂಚು, ಬೋಲ್ಟ್ ತೂತುಗಳೂ ಒಂದೇ. ಆದರೆ ಪುಶ್ ರಾಡ್ (ಪೆಡಲಿನಿಂದ ಪಿಸ್ಟನ್ನನ್ನು ತಳ್ಳುವ ಸಲಾಕೆ) ಕೂರುವ ಪಿಸ್ಟನ್ ಗುಳಿ ಹೊಸದರಲ್ಲಿ 4 ಮಿ.ಮೀ. ಕಡಿಮೆ ಆಳ! ರಾಡ್ ಪಿಸ್ಟನ್ನನ್ನು ಸದಾ ಒತ್ತಿಯೇ ಇಟ್ಟಿತ್ತು. ಆಯಿಲ್ ಡಬ್ಬಿಗೆ ವಾಪಸ್ ಹೋಗುವ ಸಣ್ಣ ತೂತು ಮುಚ್ಚಿತ್ತು. ಬಿಸಿಗೆ ಹಿಗ್ಗಿದ ಆಯಿಲ್‌ಗೆ ದಾರಿಯೇ ಇರಲಿಲ್ಲ.

ಮೊದಲು ಪೆಡಲ್ ಪೂರ್ತಿ ಹಿಂದಕ್ಕೆ ಬಂದು ನಿಲ್ಲುತ್ತದಾ ನೋಡಿ. ಆಮೇಲೆ ಲಾಕ್ ನಟ್ ಸಡಿಲಿಸಿ ರಾಡನ್ನು ಗಿಡ್ಡ ಮಾಡಿ. ಪೆಡಲ್ ತುದಿಯಲ್ಲಿ ಅರ್ಧ ಇಂಚು ಆಟ (ರಾಡ್ ಪಿಸ್ಟನ್ನಿಗೆ ತಾಗುವ ಮುಂಚಿನ ಸಡಿಲ ಚಲನೆ) ಬೇಕು. ನಟ್ ಬಿಗಿದು ಇನ್ನೊಮ್ಮೆ ಅಳೆಯಿರಿ, ಬಿಗಿಯುವಾಗ ರಾಡ್ ತಿರುಗುತ್ತದೆ. ಬ್ರೇಕ್ ಪೈಪಿನ ಗಾಳಿ ತೆಗೆದ ಮೇಲೆ ಡಬ್ಬಿ ಮುಚ್ಚಳ ಬಿಚ್ಚಿ ಪೆಡಲ್ ಮೆಲ್ಲಗೆ ಒತ್ತಿಸಿ. ಆಯಿಲ್‌ನಲ್ಲಿ ಸಣ್ಣ ಬುಗ್ಗೆ ಎದ್ದರೆ ತೂತು ತೆರೆದಿದೆ ಅಂತ.