ಪಟ್ಟಿ ಬಿಚ್ಚಿದರೆ ಸಾಲದು, ಅಂಗೈ ನೋಡಬೇಕು

ರಾಯಚೂರಿನಲ್ಲಿ ನಾನು ಡಯಾಲಿಸಿಸ್ ನರ್ಸ್. ಡಯಾಲಿಸಿಸ್‌ಗೆಂದು ಕೈಯ ಅಪಧಮನಿ, ಅಭಿಧಮನಿ ಜೋಡಿಸಿ ಮಾಡಿದ ಫಿಸ್ಟುಲಾ ಬಲಿಯುವವರೆಗೆ ಎಷ್ಟೋ ರೋಗಿಗಳಿಗೆ ಕುತ್ತಿಗೆಯ ಕ್ಯಾಥೆಟರ್, ಅಂದರೆ ರಕ್ತನಾಳಕ್ಕೆ ಇಳಿಸಿದ ಪೈಪು, ಒಂದೇ ದಾರಿ. ಮೊದಲೆಲ್ಲ ಪಟ್ಟಿ ಬಿಚ್ಚಿ, ಪೈಪು ಚರ್ಮದೊಳಗೆ ಇಳಿಯುವ ಜಾಗದಲ್ಲಿ ಕೀವು, ಬಾವು ಕಾಣದಿದ್ದರೆ ಸಮಾಧಾನವಾಗಿ ಮಷೀನು ಶುರು ಮಾಡುತ್ತಿದ್ದೆ.

ಆಮೇಲೆ ಸಿಂಧನೂರು ಕಡೆಯ ಹಿರಿಯರೊಬ್ಬರು ಬಂದರು, ಭತ್ತದ ಗದ್ದೆಯಲ್ಲಿ ದುಡಿದ ಜೀವ. ಡಯಾಲಿಸಿಸ್ ಹಚ್ಚಿದ ಅರ್ಧ ಗಂಟೆಗೆ ಗಡಗಡ ನಡುಗತೊಡಗಿದರು. ಮೇ ತಿಂಗಳ ಬಿಸಿಲಲ್ಲೂ ಎರಡು ಕಂಬಳಿ ಹೊದಿಸಿದೆವು. "ಹ್ವಾದ ಸಲಾನೂ ಹಿಂಗ ಆಗಿತ್ತವ್ವಾ, ಮನಿಗೆ ಹೋಗೂದ್ರಾಗ ಬಿಟ್ತು" ಅಂದರು. ಹೋದ ಸಲವೂ ಅವರಿಗೆ ಮಷೀನು ಹಚ್ಚಿದವಳು ನಾನೇ. ಕ್ಯಾಥೆಟರ್ ಜಾಗ ಅಂದೂ ಇಂದೂ ಸ್ವಚ್ಛವಾಗಿತ್ತು. ನಾಡಿ ಹಿಡಿಯಲು ಕೈ ತಿರುಗಿಸಿದಾಗ ಅಂಗೈಯಲ್ಲಿ ನಾಲ್ಕು ಕಂದುಗೆಂಪು ಕಲೆ ಕಂಡವು. ಒತ್ತಿದರೆ ನೋವಿಲ್ಲ. "ಸೊಳ್ಳಿ ಕಡದಿರಬೇಕು ಬಿಡು" ಅಂದರು ಹಿರಿಯರು. ಅಂಗಾಲು ನೋಡಿದೆ, ಅಲ್ಲಿಯೂ ಎರಡಿದ್ದವು.

ಡಾಕ್ಟರು ಅವನ್ನು ಜೇನ್‌ವೇ ಕಲೆ ಎಂದರು. ಪೈಪಿನ ಒಳಗೋಡೆಗೆ ಅಂಟಿ ಬೆಳೆದ ರೋಗಾಣು ರಕ್ತಕ್ಕಿಳಿದು ಹೃದಯದ ಕವಾಟದ ಮೇಲೆ ಕೂತಿತ್ತು. ಅಲ್ಲಿಂದ ಸಿಡಿದ ಚೂರುಗಳು ಅಂಗೈಯ ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಂಡಿದ್ದವು. ಆಂಟಿಬಯೋಟಿಕ್ ಕೊಡುವ ಮುಂಚೆಯೇ ಕ್ಯಾಥೆಟರಿನಿಂದ ಒಂದು, ಅಂಗೈಯ ಹಿಂಬದಿಯಿಂದ ಒಂದು ರಕ್ತದ ಕಲ್ಚರ್ (ರೋಗಾಣು ಬೆಳೆಸಿ ನೋಡುವ ಪರೀಕ್ಷೆ) ತೆಗೆದೆವು. ತೋಳಿನ ರಕ್ತನಾಳ ಮುಟ್ಟಲಿಲ್ಲ, ಅದು ಮುಂದೆ ಫಿಸ್ಟುಲಾಕ್ಕೆ ಬೇಕು. ಕ್ಯಾಥೆಟರಿನ ಬಾಟಲಿ ಕೈಯ ಬಾಟಲಿಗಿಂತ 2 ಗಂಟೆಗೂ ಹೆಚ್ಚು ಮುಂಚೆ ಪಾಸಿಟಿವ್ ಬಂತು. ಅಂದರೆ ಮೂಲ ಪೈಪಿನಲ್ಲೇ ಇತ್ತು. ರೋಗಾಣು ಸ್ಟ್ಯಾಫಿಲೊಕಾಕಸ್ ಆರಿಯಸ್. ಪೈಪು ತೆಗೆದು 6 ವಾರ ಇಂಜೆಕ್ಷನ್ ನಡೆಯಿತು. ಬದುಕಿದರು.

ಈಗ ಮಷೀನು ಹಚ್ಚುವ ಮೊದಲು ಚಪ್ಪಲಿ ಬಿಡಿಸಿ ಅಂಗೈ, ಅಂಗಾಲು, ಉಗುರು, ಕಣ್ಣಿನ ಕೆಳರೆಪ್ಪೆಯ ಒಳಭಾಗ ನೋಡುತ್ತೇನೆ. ಬೆರಳ ತುದಿಯ ನೋಯುವ ಗಂಟು ಓಸ್ಲರ್ ಗಂಟಿರಬಹುದು, ಅದೂ ಹೃದಯದ ಕವಾಟದ ಸೋಂಕಿನ ಗುರುತು. ಗಾಜು ಒತ್ತಿದರೂ ಮಾಸದ ಚುಕ್ಕೆ ಚರ್ಮದೊಳಗಿನ ರಕ್ತಸ್ರಾವ. ಉಗುರಿನಡಿಯ ಗೀರು ಮಾತ್ರ ಹೊಲದ ಕೆಲಸದ ಪೆಟ್ಟಿನಿಂದಲೂ ಬರುತ್ತದೆ, ಅದೊಂದನ್ನೇ ನಂಬುವುದಿಲ್ಲ. ನಮ್ಮ ಕಡೆಯ ಕಪ್ಪು ಮೈಬಣ್ಣದಲ್ಲಿ ಕೆಂಪು ಎದ್ದು ಕಾಣುವುದಿಲ್ಲವಾದ್ದರಿಂದ ಪೈಪಿನ ಸುತ್ತ ಬಿಸಿ, ಬಿಗಿತ, ನೋವು ಮುಟ್ಟಿಯೇ ತಿಳಿಯುತ್ತೇನೆ.

ಇಂಥ ಕಲೆಗಳು ಮೂಡುವುದು ಕೆಲವರಿಗೆ ಮಾತ್ರ. ಚರ್ಮ ನಿರ್ಮಲವಾಗಿದ್ದರೂ ನಡುಕ ಬಂದರೆ ಸಾಕು, ಡಾಕ್ಟರಿಗೆ ಹೇಳಿ ಕಲ್ಚರ್ ಬಾಟಲಿ ತರುತ್ತೇನೆ.

ಪಂಚಮಿ ಹತ್ತಿರ ಬಂದಾಗ ಹೆಣ್ಣುಮಕ್ಕಳಿಗೆ ಹೇಳುವುದು ಒಂದೇ: "ಅಕ್ಕಾರ, ಪೈಪ್ ಇರೂತನ ಅಂಗೈಗೆ ಗೋರಂಟಿ ಬ್ಯಾಡ್ರಿ, ನನಗೇನೂ ಕಾಣಂಗಿಲ್ಲ."